ತಾಂಬೂಲದ ಚೀಲ ಮನೆಯಲ್ಲೇ: ಅಳತೆ, ಅಂಟು, ಗಂಟು

ಮದುವೆ ಗೊತ್ತಾದ ಮನೆಯಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ತಾಂಬೂಲದ ಕವರ್‌ಗೆ ಏನು ಮಾಡೋದು? ಅಂಗಡಿಯ ಚೀಲ ದುಬಾರಿ, ಪ್ಲಾಸ್ಟಿಕ್ ಕೊಡೋ ಹಾಗಿಲ್ಲ, ಮನೆಯಲ್ಲೇ ಮಾಡಿದರೆ ಹರಿದುಹೋಗುತ್ತೆ." ಮೈಸೂರಿನಿಂದ ಕೇಳುವವರು ಇದ್ದಾರೆ, ಮಂಡ್ಯ, ಮದ್ದೂರು ಕಡೆಯಿಂದ ಕೇಳುವವರು ಅವರಿಗಿಂತ ಜಾಸ್ತಿ. ಒಬ್ಬೊಬ್ಬರಿಗೂ ಫೋನಿನಲ್ಲಿ ಅಳತೆ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ.

ಪ್ಲಾಸ್ಟಿಕ್ ವಿಷಯ ಮೊದಲು ಮುಗಿಸೋಣ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧವಾಗಿದ್ದು 2016ರ ಮಾರ್ಚ್‌ನಲ್ಲಿ. ಛತ್ರದ ಬಾಗಿಲಲ್ಲಿ ಈಗ ಬಣ್ಣಬಣ್ಣದ, ಮುಟ್ಟಿದರೆ ಬಟ್ಟೆಯಂತೆ ಇರುವ ಚೀಲ ಕೊಡುತ್ತಾರಲ್ಲ, ನಾನ್‌ವೋವನ್ ಅಂತಾರೆ. ಅದು ಬಟ್ಟೆ ಅಂತಲೇ ಎಷ್ಟೋ ಜನ ನಂಬಿದ್ದಾರೆ. ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ನೇಯ್ದಿರುವುದಿಲ್ಲ, ಎಳೆಗಳನ್ನು ಬಿಸಿಯಿಂದ ಒತ್ತಿ ಹಾಳೆ ಮಾಡಿರುತ್ತಾರೆ. ಹಾಗಾಗಿ "ಬಟ್ಟೆ ಚೀಲ ಕೊಟ್ವಿ" ಅಂತ ಸಮಾಧಾನ ಪಟ್ಟುಕೊಳ್ಳುವ ಮೊದಲು ಒಂದು ದಾರ ಎಳೆದು ನೋಡಿ. ದಾರ ಬಂದರೆ ಬಟ್ಟೆ, ಬರದಿದ್ದರೆ ಅಲ್ಲ.

ಇಲ್ಲಿ ಮೂರು ಬಗೆ ಹೇಳುತ್ತೇನೆ: ತೆಂಗಿನಕಾಯಿ ಹೊರುವ ಕಾಗದದ ಚೀಲ, ಬ್ಲೌಸ್ ಪೀಸ್‌ನ ಗಂಟುಚೀಲ, ಹಳೇ ಲಗ್ನಪತ್ರಿಕೆಯ ಪುಟ್ಟ ಡಬ್ಬಿ. ಮೂರೂ ಮಾಡಬೇಕಿಲ್ಲ, ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ. ಯಾವುದನ್ನು ಮಾಡಿದರೂ ಖರ್ಚು ಉಳಿಯುವುದು ಅಗ್ಗದ ಕಾಗದ ಹುಡುಕುವುದರಿಂದಲ್ಲ, ಅಳತೆಯಿಂದ. ಹಾಳೆಯಲ್ಲಿ ಚೂರೂ ಉಳಿಯದಂತೆ ಕತ್ತರಿಸಿದರೆ ಅರ್ಧ ದುಡ್ಡು ಉಳಿಯಿತು ಅಂತಲೇ ಇಟ್ಟುಕೊಳ್ಳಿ.

ಹಂತ 1: ಏನು ಕೊಡುತ್ತೀರಿ, ಎಷ್ಟು ಕೊಡುತ್ತೀರಿ

ಚೀಲ ಮಾಡಿಕೊಂಡು ಆಮೇಲೆ ಒಳಗೆ ಏನಿಡೋದು ಅಂತ ಯೋಚಿಸುವವರೇ ಜಾಸ್ತಿ. ಅದು ತಿರುಗುಮುರುಗು. ಒಳಗಿನ ಸಾಮಾನು ಮೊದಲು ಮೇಜಿನ ಮೇಲೆ ಬರಲಿ. ನಮ್ಮ ಕಡೆ ಸಾಮಾನ್ಯವಾಗಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು. ತೆಂಗಿನಕಾಯಿ ಬೆಲೆ ನೋಡಿ ಈಗ ಕೆಲವರು ಕಾಯಿ ಬಿಟ್ಟು ಕೊಬ್ಬರಿ ಗಿಟುಕು, ಎರಡು ಅಚ್ಚು ಬೆಲ್ಲ ಕೊಡುತ್ತಿದ್ದಾರೆ. ಮಂಡ್ಯದವರಿಗೆ ಬೆಲ್ಲ ಕೊಡಲು ಯಾರನ್ನೂ ಕೇಳಬೇಕಿಲ್ಲ, ಅಲ್ವಾ. ಕಾಯಿ ಇದ್ದರೆ ಕಾಗದದ ಚೀಲ, ಕಾಯಿ ಇಲ್ಲದಿದ್ದರೆ ಗಂಟುಚೀಲ, ಬರೀ ಸಿಹಿಯಾದರೆ ಡಬ್ಬಿ.

ಎಷ್ಟು ಬೇಕು ಅನ್ನುವುದಕ್ಕೆ ಅಡುಗೆಯವರಿಗೆ ಕೊಟ್ಟ ಎಲೆ ಲೆಕ್ಕ ಹಿಡಿಯಬೇಡಿ. ಊಟದ ಲೆಕ್ಕ ತಲೆಗೆ, ತಾಂಬೂಲದ ಲೆಕ್ಕ ನಿಮ್ಮ ಮನೆ ಪದ್ಧತಿಗೆ. ತಲೆಗೊಂದೋ, ಮನೆಗೊಂದೋ ಹಿರಿಯರನ್ನು ಕೇಳಿ ಮೊದಲೇ ತೀರ್ಮಾನಿಸಿ. ಹಿಂದಿನ ರಾತ್ರಿಯ ರಿಸೆಪ್ಷನ್‌ಗೂ ಮುಹೂರ್ತದ ದಿನಕ್ಕೂ ಬೇರೆ ಬೇರೆ ಬರೆದುಕೊಳ್ಳಿ. ಬಂದ ಸಂಖ್ಯೆಗೆ ನೂರಕ್ಕೆ ಹತ್ತು ಸೇರಿಸಿ. ಬಾಗಿಲಲ್ಲಿ ಬುಟ್ಟಿ ಹಿಡಿದು ನಿಲ್ಲುವ ಅತ್ತೆ ತನಗೆ ಬೇಕಾದವರಿಗೆ ಎರಡೆರಡು ಕೊಡುತ್ತಾರೆ. ಅದನ್ನು ತಡೆಯಲು ಯಾರಿಂದಲೂ ಆಗಿಲ್ಲ.

ಹಂತ 2: ಕಾಗದ ಕೊಳ್ಳುವುದು

ಅಂಗಡಿಗೆ ಹೋದ ಕೂಡಲೇ "ಎಷ್ಟು ಜಿಎಸ್‌ಎಂ?" ಅಂತ ಕೇಳುತ್ತಾರೆ. ಹೆದರಬೇಡಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ನಂಬರ್ ಜಾಸ್ತಿಯಾದಷ್ಟೂ ಕಾಗದ ದಪ್ಪ. ಜೆರಾಕ್ಸ್ ಹಾಳೆ 70 ರಿಂದ 80 ಇರುತ್ತದೆ. ತೆಂಗಿನಕಾಯಿ ಹೊರಲು 120 ಜಿಎಸ್‌ಎಂನ ಕ್ರಾಫ್ಟ್ ಪೇಪರ್ ಬೇಕು. ಕ್ರಾಫ್ಟ್ ಅಂದರೆ ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕುವ ಕಂದು ಕಾಗದದ ಜಾತಿಯೇ, ಅದಕ್ಕಿಂತ ದಪ್ಪ. ಅದರ ನಾರು ಉದ್ದ, ಹಾಗಾಗಿ ಸುಲಭಕ್ಕೆ ಹರಿಯುವುದಿಲ್ಲ. ಮಕ್ಕಳ ಬಣ್ಣದ ಚಾರ್ಟ್ ಶೀಟ್ ಚೆಂದ ಕಾಣುತ್ತದೆ, ಆದರೆ ಮಡಿಸಿದ ಗೆರೆಯಲ್ಲಿ ಸೀಳುತ್ತದೆ. ಅಡಿಕೆ, ಎಲೆ, ಹಣ್ಣು ಇಷ್ಟೇ ಆದರೆ ಚಾರ್ಟ್ ಸಾಕು. ಕಾಯಿಗೆ ಬೇಡ.

ಮೈಸೂರಿನಲ್ಲಾದರೆ ಸಂತೇಪೇಟೆ ಸುತ್ತಮುತ್ತಲ ಸಗಟು ಅಂಗಡಿಗಳಲ್ಲಿ, ಮಂಡ್ಯದಲ್ಲಾದರೆ ಪೇಟೆ ಬೀದಿಯಲ್ಲಿ ವಿಚಾರಿಸಿ. ಬಿಡಿ ಹಾಳೆ ಕೇಳಬೇಡಿ, ಕಿಲೋ ಲೆಕ್ಕದಲ್ಲಿ ಕೇಳಿ. ಇಲ್ಲಿ ಹೇಳುವ ಚೀಲ ಒಂದಕ್ಕೆ 120 ಜಿಎಸ್‌ಎಂನಲ್ಲಿ ಸುಮಾರು 24 ಗ್ರಾಂ ಕಾಗದ ಹಿಡಿಯುತ್ತದೆ. 300 ಚೀಲಕ್ಕೆ ಏಳು ಕಿಲೋ ಚಿಲ್ಲರೆ. ಹಾಳಾಗುವುದೂ ಸೇರಿ ಎಂಟು ಕಿಲೋ ತನ್ನಿ.

ಹಾಳೆಯನ್ನು ಮನೆಯಲ್ಲಿ ಕತ್ತರಿಯಿಂದ ಕತ್ತರಿಸಲು ಕೂರಬೇಡಿ. ಲಗ್ನಪತ್ರಿಕೆ ಅಚ್ಚು ಹಾಕಿಸುವ ಪ್ರೆಸ್‌ನಲ್ಲಿ ಕಟಿಂಗ್ ಮಷಿನ್ ಇರುತ್ತದೆ. ಇಡೀ ಕಟ್ಟನ್ನು ಒಂದೇ ಏಟಿಗೆ ನಿಮ್ಮ ಅಳತೆಗೆ ಕತ್ತರಿಸಿ ಕೊಡುತ್ತಾರೆ. ಹೇಗೂ ಪತ್ರಿಕೆಗೆ ಅಲ್ಲಿಗೆ ಹೋಗುತ್ತೀರಲ್ಲ, ಆಗಲೇ ಕೇಳಿ. ನನ್ನ ಮಟ್ಟಿಗೆ ಇದು ಇಡೀ ಲೇಖನದ ಅತಿ ಉಪಯೋಗದ ಮಾತು.

ಹಳೇ ದಿನಪತ್ರಿಕೆಯಲ್ಲಿ ಮಾಡಬಹುದಾ ಅಂತ ಕೇಳುವವರಿಗೆ: ಬೇಡ. ಅಚ್ಚಿನ ಮಸಿ ಆಹಾರಕ್ಕೆ ಹತ್ತುತ್ತದೆ ಅಂತಲೇ ಎಫ್‌ಎಸ್‌ಎಸ್‌ಎಐ, ಅಂದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, 2018ರ ನಿಯಮದಲ್ಲಿ ತಿನ್ನುವ ವಸ್ತುವನ್ನು ದಿನಪತ್ರಿಕೆಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ವೀಳ್ಯದೆಲೆ ನೇರ ಬಾಯಿಗೆ ಹೋಗುವ ವಸ್ತು.

ಹಂತ 3: ಬೇಕಾಗುವ ಸಾಮಾನು

ಕ್ರಾಫ್ಟ್ ಹಾಳೆ, ದಿನಸಿ ಅಂಗಡಿಯಲ್ಲಿ ಬಿಸಾಡುವ ರಟ್ಟಿನ ಪೆಟ್ಟಿಗೆಗಳು, ಸ್ಟೀಲ್ ಸ್ಕೇಲು, ಇಂಕು ಮುಗಿದ ಒಂದು ಬಾಲ್‌ಪೆನ್, ತೂತು ಹಾಕುವ ಪಂಚಿಂಗ್ ಮಷಿನ್, ಸೆಣಬಿನ ಅಥವಾ ಹತ್ತಿಯ ದಾರ, ಅಂಟು. ಜೊತೆಗೆ 16 ಸೆಂ.ಮೀ. ಉದ್ದ, 11 ಸೆಂ.ಮೀ. ಅಗಲದ ಒಂದು ಗಟ್ಟಿ ಡಬ್ಬ. ಅದು ಸಿಗದಿದ್ದರೆ ಪುಸ್ತಕಗಳನ್ನೋ ರಟ್ಟನ್ನೋ ಪೇರಿಸಿ ಆ ಅಳತೆಗೆ ಕಟ್ಟಿಕೊಳ್ಳಿ. ಚೀಲದ ತಳ ಮಡಿಸಲು ಇದೇ ಅಚ್ಚು.

ಅಂಟಿನ ವಿಷಯ ಸ್ವಲ್ಪ ವಿವರವಾಗಿ. ಮೈದಾ ಅಂಟು ಅಗ್ಗ, ಚೆನ್ನಾಗಿ ಹಿಡಿಯುತ್ತದೆ. ಒಂದು ಲೋಟ ಮೈದಾಕ್ಕೆ ಒಂದು ಲೋಟ ತಣ್ಣೀರು ಹಾಕಿ ಗಂಟಿಲ್ಲದಂತೆ ಕಲಸಿ. ಇನ್ನೊಂದು ಪಾತ್ರೆಯಲ್ಲಿ ಮೂರು ಲೋಟ ನೀರು ಕುದಿಯಲಿ. ಕುದಿಯುವ ನೀರಿಗೆ ಈ ಹಿಟ್ಟು ಸುರಿದು ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸಿ. ಮೊದಲು ಹಾಲಿನಂತೆ ಬೆಳ್ಳಗಿರುತ್ತದೆ, ಆಮೇಲೆ ಗಂಜಿಯಂತೆ ಮಬ್ಬಾಗಿ ಹೊಳೆಯುತ್ತದೆ. ಹೊಳಪು ಬಂದಾಗ ಇಳಿಸಿ. ಬೆಳ್ಳಗಿರುವಾಗಲೇ ಇಳಿಸಿದರೆ ಒಣಗಿದ ಮೇಲೆ ಪುಡಿಪುಡಿಯಾಗಿ ಉದುರುತ್ತದೆ. ಹೊರಗಿಟ್ಟರೆ ಎರಡು ದಿನ, ಅಷ್ಟೇ. ಹುಳಿ ವಾಸನೆ ಬಂದರೆ ಚೆಲ್ಲಿ.

ಎರಡು ಎಚ್ಚರಿಕೆ. ಹುಳ ಹಿಡಿಯದಿರಲಿ ಅಂತ ಹಿಂದೆ ಈ ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ. ತಿನ್ನುವ ಸಾಮಾನು ಇಡುವ ಚೀಲಕ್ಕೆ ಯಾರು ಏನೇ ಹೇಳಿದರೂ ಹಾಕಬೇಡಿ. ಇನ್ನೊಂದು, ಮೈದಾ ಅಂಟಿನ ಚೀಲವನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟರೆ ಜಿರಳೆ, ಇಲಿಗೆ ಮದುವೆ ಊಟ. ಮದುವೆಗೆ ಒಂದು ತಿಂಗಳಿಗಿಂತ ಜಾಸ್ತಿ ಸಮಯ ಇದ್ದರೆ ಫೆವಿಕಾಲ್ ತರದ ಬಿಳಿ ಅಂಟೇ ಬಳಸಿ.

ಹಂತ 4: ಕಾಗದದ ಚೀಲ

ಮೊದಲು ತೆಂಗಿನಕಾಯಿ ಅಳೆಯಿರಿ. ಕಾಯಿಯ ಹೊಟ್ಟೆಗೆ ಒಂದು ದಾರ ಸುತ್ತಿ ಸ್ಕೇಲಿಗೆ ಹಿಡಿಯಿರಿ. 34 ಸೆಂ.ಮೀ. ಒಳಗಿದ್ದರೆ ಈ ಅಳತೆ ಸರಿಹೋಗುತ್ತದೆ. ಅದಕ್ಕಿಂತ ದಪ್ಪ ಕಾಯಿ ಕೊಡುವವರು ನೀವಾದರೆ ಹಾಳೆಯೂ ದೊಡ್ಡದಿರಲಿ.

ಒಂದು ಚೀಲಕ್ಕೆ 56 ಸೆಂ.ಮೀ. ಅಗಲ, 35.5 ಸೆಂ.ಮೀ. ಎತ್ತರದ ಹಾಳೆ. ಈ ಅಳತೆ ಯಾಕೆ ಅಂದರೆ, ದೊಡ್ಡ ಚಾರ್ಟ್ ಶೀಟ್ 22 ಇಂಚು, 28 ಇಂಚು, ಅಂದರೆ 56 ಮತ್ತು 71 ಸೆಂ.ಮೀ. ಇರುತ್ತದೆ. ನಡುವೆ ಒಂದು ಏಟು ಹಾಕಿದರೆ ಎರಡು ಚೀಲ, ಒಂದು ಚೂರೂ ಉಳಿಯುವುದಿಲ್ಲ. ಕ್ರಾಫ್ಟ್ ಹಾಳೆ ಬೇರೆ ಬೇರೆ ಅಳತೆಯಲ್ಲಿ ಬರುತ್ತದೆ. ನಿಮಗೆ ಸಿಕ್ಕ ಹಾಳೆಯಲ್ಲಿ ಎಷ್ಟು ತುಂಡು ಕೂರುತ್ತದೆ ಅಂತ ಕಾಗದದ ಮೇಲೆ ಗೀಚಿ ನೋಡಿ, ಒಂದು ಸೆಂ.ಮೀ. ಆಚೀಚೆ ಮಾಡಿದರೆ ಒಂದು ಚೀಲ ಹೆಚ್ಚಿಗೆ ಬರುವ ಹಾಗಿದ್ದರೆ ಮಾಡಿಕೊಳ್ಳಿ.

ಹಾಳೆ ಅಡ್ಡಡ್ಡ ಇಡಿ. ಎಡಗಡೆಯಿಂದ 16, 27, 43, 54 ಸೆಂ.ಮೀ. ಹತ್ತಿರ ಗುರುತು ಹಾಕಿ. ಈಗ ಹಾಳೆಯಲ್ಲಿ ಮುಖ 16, ಮಗ್ಗುಲು 11, ಹಿಂಭಾಗ 16, ಇನ್ನೊಂದು ಮಗ್ಗುಲು 11, ಕೊನೆಗೆ ಅಂಟಿಸಲು 2 ಸೆಂ.ಮೀ. ಪಟ್ಟಿ ಬಂತು. ಮೇಲಿನಿಂದ 4 ಸೆಂ.ಮೀ.ಗೆ ಒಂದು ಅಡ್ಡ ಗೆರೆ, ಕೆಳಗಿನಿಂದ 8 ಸೆಂ.ಮೀ.ಗೆ ಇನ್ನೊಂದು. ಪೆನ್ಸಿಲ್ ಬೇಡ. ಇಂಕು ಮುಗಿದ ಪೆನ್ನನ್ನು ಸ್ಕೇಲಿಗೆ ಹಿಡಿದು ಒತ್ತಿ ಎಳೆಯಿರಿ. ಕಾಗದದಲ್ಲಿ ಸಣ್ಣ ಕಾಲುವೆಯಂತೆ ಬೀಳುತ್ತದೆ, ಮಡಿಕೆ ತಾನಾಗೇ ನೇರ ಬರುತ್ತದೆ. ಮೊದಲ ಹತ್ತು ಚೀಲಕ್ಕೆ ಸ್ಕೇಲು ಹಿಡಿದು ಅಳೆಯುತ್ತೀರಿ. ಆಮೇಲೆ ರಟ್ಟಿನಲ್ಲಿ ಒಂದು ಮಾದರಿ ಕತ್ತರಿಸಿ ಅದನ್ನೇ ಇಟ್ಟು ಗೆರೆ ಒತ್ತಿ, ಅರ್ಧ ಹೊತ್ತು ಉಳಿಯುತ್ತದೆ.

ಈಗ ಬಾಯಿ. ರಟ್ಟಿನಲ್ಲಿ 15 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿ. ಒಂದನ್ನು ಮುಖದ ಮೇಲಂಚಿಗೆ, ಇನ್ನೊಂದನ್ನು ಹಿಂಭಾಗದ ಮೇಲಂಚಿಗೆ ಒಳಗಡೆಯಿಂದ ಇಟ್ಟು, 4 ಸೆಂ.ಮೀ. ಕಾಗದವನ್ನು ಅದರ ಮೇಲೆ ಮಡಿಸಿ ಅಂಟಿಸಿ. ಹಿಡಿಕೆಯ ಭಾರವನ್ನೆಲ್ಲ ಈ ಪಟ್ಟಿಯೇ ತಡೆಯುವುದು. ಇದನ್ನು ಬಿಟ್ಟು ಬರೀ ಕಾಗದಕ್ಕೆ ತೂತು ಹಾಕಿದವರ ಚೀಲ ಛತ್ರದ ಮೆಟ್ಟಿಲು ಇಳಿಯುವಷ್ಟರಲ್ಲಿ ಕಿವಿ ಕಿತ್ತುಕೊಂಡಿರುತ್ತದೆ.

ಕೊನೆಯ 2 ಸೆಂ.ಮೀ. ಪಟ್ಟಿಗೆ ಅಂಟು ಸವರಿ ಮುಖದ ಅಂಚಿನ ಒಳಗೆ ಕೂರಿಸಿ. ಕೊಳವೆಯಂತಾಯಿತು. ಅಂಟು ತೆಳುವಾಗಿರಲಿ. ಜಾಸ್ತಿ ಹಚ್ಚಿದರೆ ಗಟ್ಟಿ ಅಂತ ಅಂದುಕೊಳ್ಳುತ್ತೇವೆ, ಕಾಗದ ನೆನೆದು ಸುಕ್ಕಾಗುವುದು ಬಿಟ್ಟರೆ ಬೇರೇನೂ ಇಲ್ಲ.

ತಳಕ್ಕೆ ಬನ್ನಿ. ಕೊಳವೆಯೊಳಗೆ 16-11ರ ಡಬ್ಬ ಇಳಿಸಿ ತಲೆಕೆಳಗು ನಿಲ್ಲಿಸಿ. ಡಬ್ಬ 8 ಸೆಂ.ಮೀ. ಗೆರೆಗೆ ಸಮ ಬರಲಿ. ಮೇಲೆ ನಿಂತಿರುವ 8 ಸೆಂ.ಮೀ. ಕಾಗದದಲ್ಲಿ ಮೊದಲು ಎರಡು ಮಗ್ಗುಲನ್ನು ಒಳಕ್ಕೆ ಒತ್ತಿ. ಉಡುಗೊರೆ ಡಬ್ಬಕ್ಕೆ ಕಾಗದ ಸುತ್ತುವಾಗ ತುದಿ ಮಡಿಸುತ್ತೀರಲ್ಲ, ಹಾಗೇ. ಮುಖದ ಕಡೆ, ಹಿಂದಿನ ಕಡೆ ಮೂಲೆಗಳು ತ್ರಿಕೋನವಾಗುತ್ತವೆ. ಒಂದನ್ನು ಮಡಿಸಿ, ಅದರ ಮೇಲೆ ಅಂಟು ಹಚ್ಚಿ ಇನ್ನೊಂದನ್ನು ತನ್ನಿ. ಒಂದರ ಮೇಲೊಂದು 5 ಸೆಂ.ಮೀ. ಕೂರುತ್ತದೆ, ಅಷ್ಟು ಇರಲೇಬೇಕು. ಮೂಲೆ ಸರಿಯಾಗಿ ಕೂರುತ್ತಿಲ್ಲ ಅಂತ ಕತ್ತರಿ ತಗೊಂಡು ಸೀಳಬೇಡಿ. ಹರಿಯುವುದು ಶುರುವಾಗುವುದೇ ಅಲ್ಲಿಂದ.

ಡಬ್ಬ ತೆಗೆದು, ಒಳಗೆ 15.5 ಉದ್ದ, 10.5 ಅಗಲದ ರಟ್ಟು ಅಂಟಿಸಿ. ರಟ್ಟು ತಳಕ್ಕಿಂತ ಅರ್ಧ ಸೆಂ.ಮೀ. ಚಿಕ್ಕದಿರಬೇಕು, ಸಮ ಇದ್ದರೆ ಅದರ ಮೂಲೆಯೇ ಕಾಗದವನ್ನು ಕೊರೆಯುತ್ತದೆ. ಕೊನೆಗೆ ಬಾಯಿಯ ಪಟ್ಟಿಯಲ್ಲಿ, ಮೇಲಂಚಿನಿಂದ 2 ಸೆಂ.ಮೀ. ಕೆಳಗೆ ಎರಡೆರಡು ತೂತು. ರಟ್ಟು ಸೇರಿ ದಪ್ಪವಾಗಿರುವುದರಿಂದ ಪಂಚಿಂಗ್ ಮಷಿನ್ ಹಠ ಮಾಡಿದರೆ ಸುತ್ತಿಗೆ, ಮೊಳೆ ತಗೊಳ್ಳಿ. ಒಂದೊಂದು ಹಿಡಿಕೆಗೆ 35 ಸೆಂ.ಮೀ. ದಾರ, ಒಳಗಡೆ ಗಂಟು. ಚೀಲಕ್ಕೆ 70 ಸೆಂ.ಮೀ. ಆಯಿತು, 300 ಚೀಲಕ್ಕೆ 210 ಮೀಟರ್. ಉಂಡೆ ಲೆಕ್ಕದಲ್ಲಿ ಕೊಳ್ಳುವಾಗ ಇದನ್ನು ಕೈಯಲ್ಲಿ ಬರೆದುಕೊಂಡು ಹೋಗಿ.

ಹಂತ 5: ಬಾಗಿಲ ಚಿಲಕದ ಪರೀಕ್ಷೆ

ಒಂದೇ ಒಂದು ಚೀಲ ಮಾಡಿ ಇಲ್ಲಿ ನಿಲ್ಲಿ. ಅಂಟು ಒಂದು ದಿನ ಒಣಗಲಿ. ಕಾಯಿ, ಎರಡು ಬಾಳೆಹಣ್ಣು, ಎಲೆ, ಅಡಿಕೆ ಇಟ್ಟು ರಾತ್ರಿ ಬಾಗಿಲ ಚಿಲಕಕ್ಕೆ ನೇತುಹಾಕಿ ಮಲಗಿ. ಬೆಳಿಗ್ಗೆ ಎದ್ದಾಗ ಅಲ್ಲೇ ಇದ್ದರೆ ಸೈ. ಕೈಯಲ್ಲಿ ಹಿಡಿದು ಮನೆ ಸುತ್ತ ಒಂದು ಸುತ್ತು ಹಾಕಿ, ಬಸ್ಸಿಗೆ ಓಡುವವರ ಹಾಗೆ ಸ್ವಲ್ಪ ಕುಲುಕಿ. ಹರಿದರೆ ಎಲ್ಲಿಂದ ಹರಿಯಿತು ನೋಡಿ. ಹಿಡಿಕೆಯ ಹತ್ತಿರವಾದರೆ ಪಟ್ಟಿ ದಪ್ಪ ಮಾಡಿ, ತಳವಾದರೆ ಅಂಟು ಬದಲಿಸಿ, ನಡುವೆ ಆದರೆ ಕಾಗದವೇ ಸರಿಯಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಮ್ಮದೇ ಮನೆಯ ಮದುವೆಯೊಂದಕ್ಕೆ ಪರೀಕ್ಷೆ ಮಾಡದೆ ಇನ್ನೂರು ಚೀಲ ಮಾಡಿಟ್ಟಿದ್ದೆ. ಛತ್ರದ ಮುಂದೆ ಒಬ್ಬ ಹಿರಿಯರ ಚೀಲದ ತಳ ಬಿಚ್ಚಿ, ಕಾಯಿ ಉರುಳಿಕೊಂಡು ಕಾರಿನ ಕೆಳಗೆ ಹೋಯಿತು. ಅವರು ಏನೂ ಅನ್ನಲಿಲ್ಲ. ಪಂಚೆ ಎತ್ತಿಕಟ್ಟಿ ಬಗ್ಗಿ ಕಾಯಿ ತಗೊಂಡು, ಶಲ್ಯದಲ್ಲಿ ಗಂಟು ಹಾಕಿಕೊಂಡು ಹೋದರು. ಆಗ ಆದ ಮುಜುಗರ ಈಗಲೂ ಇದೆ.

ಹಂತ 6: ಬ್ಲೌಸ್ ಪೀಸ್‌ನ ಗಂಟುಚೀಲ

ಬೀರು ತೆಗೆದರೆ ಮೈಮೇಲೆ ಬೀಳುವಷ್ಟು ಬ್ಲೌಸ್ ಪೀಸ್ ನಮ್ಮ ಹೆಣ್ಣುಮಕ್ಕಳ ಮನೆಯಲ್ಲಿ ಇರುತ್ತದೆ. ಅರಿಶಿನ ಕುಂಕುಮಕ್ಕೆ ಹೋದ ಕಡೆಯೆಲ್ಲ ಕೊಟ್ಟಿದ್ದು, ಹೊಲಿಸಲಾಗದ ಬಣ್ಣದ್ದು. ಇವಕ್ಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಒಂದೇ ಎಚ್ಚರ: ಕೊಟ್ಟವರೇ ಮದುವೆಗೆ ಬಂದು "ಇದು ನಾನು ಕೊಟ್ಟಿದ್ದಲ್ವಾ" ಅಂತ ಗುರುತು ಹಿಡಿಯುವಂಥ ವಿಶೇಷ ಬಟ್ಟೆಯನ್ನು ಬಿಟ್ಟುಬಿಡಿ.

ಸಾಮಾನ್ಯ ಬ್ಲೌಸ್ ಪೀಸ್ 80 ಸೆಂ.ಮೀ. ಉದ್ದ ಇರುತ್ತದೆ. ಪನ್ನ, ಅಂದರೆ ಬಟ್ಟೆಯ ಅಗಲ, 90 ಸೆಂ.ಮೀ. ಆಸುಪಾಸು. ಅಳೆದು ನೋಡಿಕೊಳ್ಳಿ. ಉದ್ದವನ್ನು ನಾಲ್ಕು ಭಾಗ, ಪನ್ನವನ್ನು ಎರಡು ಭಾಗ ಮಾಡಿದರೆ 20ಕ್ಕೆ 45ರ ಎಂಟು ತುಂಡು. ಒಂದು ಪೀಸಿಗೆ ಎಂಟು ಚೀಲ. 200 ಚೀಲಕ್ಕೆ 25 ಪೀಸು ಸಾಕು. ನಿಮ್ಮ ಬೀರುವಿನಲ್ಲಿ, ಅಕ್ಕನ ಬೀರುವಿನಲ್ಲಿ ಹುಡುಕಿದರೆ ಆಯಿತು.

ಹೊಲಿಗೆ ಬರುವವರಿಗೆ ಇದು ಹತ್ತು ನಿಮಿಷದ ಕೆಲಸ. ತುಂಡಿನ ಎರಡೂ ಕಿರಿದಾದ ಅಂಚನ್ನು ಅರ್ಧ ಸೆಂ.ಮೀ. ಮಡಿಸಿ, ಮತ್ತೆ 3 ಸೆಂ.ಮೀ. ಮಡಿಸಿ ಅಡ್ಡಕ್ಕೆ ಹೊಲಿಯಿರಿ. ಲಾಡಿ ಹಾಯಿಸುವ ಪಟ್ಟಿ ಅದು. ಆಮೇಲೆ ಬಟ್ಟೆಯ ಒಳಮೈ ಹೊರಗೆ ಬರುವಂತೆ ಎರಡಾಗಿ ಮಡಿಸಿ, ಎರಡೂ ಪಕ್ಕ ಕೆಳಗಿನಿಂದ ಹೊಲಿದುಕೊಂಡು ಬನ್ನಿ. ಪಟ್ಟಿಯ ಹತ್ತಿರ ಬಂದಾಗ ನಿಲ್ಲಿಸಿ. ಹತ್ತರಲ್ಲಿ ಎಂಟು ಜನ ಇಲ್ಲೇ ತಪ್ಪುವುದು: ಸರಾಗವಾಗಿ ಮೇಲಿನವರೆಗೂ ಹೊಲಿದುಬಿಡುತ್ತಾರೆ, ಲಾಡಿ ಹೋಗಲು ದಾರಿಯೇ ಇರುವುದಿಲ್ಲ, ಕೂತು ಬಿಚ್ಚಬೇಕು. ತಿರುಗಿಸಿದರೆ 18 ಸೆಂ.ಮೀ. ಅಗಲ, 19 ಸೆಂ.ಮೀ. ಎತ್ತರದ ಚೀಲ. 50 ಸೆಂ.ಮೀ.ನ ಎರಡು ದಾರವನ್ನು ಪಿನ್ನಿಗೆ ಸಿಕ್ಕಿಸಿ, ಒಂದನ್ನು ಎಡದಿಂದ ಸುತ್ತಿ ಎಡಕ್ಕೇ ತನ್ನಿ, ಇನ್ನೊಂದನ್ನು ಬಲದಿಂದ ಬಲಕ್ಕೆ. ಎರಡೂ ಕಡೆ ಎಳೆದರೆ ಬಾಯಿ ಮುಚ್ಚುತ್ತದೆ.

ಹೊಲಿಗೆ ಮಷಿನ್ ಇಲ್ಲದಿದ್ದರೆ ತಲೆಬಿಸಿ ಬೇಡ. 30 ಸೆಂ.ಮೀ. ಚೌಕ ಕತ್ತರಿಸಿ, ನಡುವೆ ಸಾಮಾನಿಟ್ಟು, ನಾಲ್ಕು ಮೂಲೆ ಎತ್ತಿ ಗಂಟು ಕಟ್ಟಿ. ಒಂದು ಪೀಸಿಗೆ ಆರು ಬರುತ್ತದೆ. ಪಾಲಿಸ್ಟರ್ ಬಟ್ಟೆಯ ಅಂಚು ಎಳೆ ಬಿಡುತ್ತದೆ, ಮೇಣದ ಬತ್ತಿಯ ಉರಿಯ ಪಕ್ಕಕ್ಕೆ ಹಿಡಿದರೆ ಕರಗಿ ನಿಲ್ಲುತ್ತದೆ. ಹತ್ತಿ ಬಟ್ಟೆಗೆ ಈ ಉಪಾಯ ಮಾಡಲು ಹೋಗಬೇಡಿ, ಹತ್ತಿಕೊಂಡು ಉರಿಯುತ್ತದೆ. ಮಕ್ಕಳ ಕೈಗಂತೂ ಈ ಕೆಲಸ ಕೊಡಲೇಬೇಡಿ.

ಇದರಲ್ಲಿ ಕುಂಕುಮದ ಡಬ್ಬಿ, ಅಡಿಕೆ, ಕೊಬ್ಬರಿ, ಅಚ್ಚು ಬೆಲ್ಲ ಇಡಬಹುದು. ಬೆಲ್ಲಕ್ಕೆ ಒಳಗೊಂದು ಬಟರ್ ಪೇಪರ್ ಸುತ್ತಲೇಬೇಕು. ಜಿಡ್ಡು, ತೇವ ಸುಲಭಕ್ಕೆ ದಾಟದ ಕಾಗದ ಅದು. ಬೆಲ್ಲ ಗಾಳಿಯ ತೇವ ಎಳೆದುಕೊಂಡು ಬೆವರುತ್ತದೆ, ಮಳೆಗಾಲದ ಮದುವೆಯಲ್ಲಿ ಇನ್ನೂ ಜಾಸ್ತಿ. ಮೈಸೂರಿನ ಗಂಧದ ಸೋಪು, ಊದುಬತ್ತಿ ಕೊಡುವ ಆಸೆ ಬಹಳ ಜನಕ್ಕೆ ಇರುತ್ತದೆ. ಒಳ್ಳೆಯದೇ, ಆದರೆ ತಿನ್ನುವ ಯಾವುದರ ಜೊತೆಗೂ ಒಂದೇ ಚೀಲದಲ್ಲಿ ಹಾಕಬೇಡಿ. ಮಾರನೇ ದಿನ ಬೆಲ್ಲ ಬಾಯಿಗಿಟ್ಟರೆ ಸೋಪು ತಿಂದ ಹಾಗಿರುತ್ತದೆ.

ಹಂತ 7: ಹಳೇ ಲಗ್ನಪತ್ರಿಕೆಯ ಡಬ್ಬಿ

ದೇವರ ಚಿತ್ರ ಇದೆ ಅಂತ ಬಿಸಾಡಲಾರದೆ ಎಲ್ಲರ ಮನೆಯಲ್ಲೂ ಪತ್ರಿಕೆಗಳ ಕಟ್ಟು ಇರುತ್ತದೆ. ಚಿತ್ರದ ಭಾಗ, ಹೆಸರಿನ ಭಾಗ ಬಿಟ್ಟು ಉಳಿದ ಖಾಲಿ ಜಾಗ ಬಳಸಿ. ಬೇರೆಯವರ ಹೆಸರಿರುವ ಡಬ್ಬಿಯಲ್ಲಿ ನಿಮ್ಮ ಮನೆ ಸಿಹಿ ಹೋದರೆ ಚೆಂದವಲ್ಲ. ಅಚ್ಚಾದ ಮುಖ ಯಾವಾಗಲೂ ಹೊರಗೆ, ಖಾಲಿ ಮುಖ ಒಳಗೆ.

ತಳಕ್ಕೆ 14 ಸೆಂ.ಮೀ. ಚೌಕ. ನಾಲ್ಕೂ ಕಡೆ 3.5 ಸೆಂ.ಮೀ. ಒಳಗೆ ಗೆರೆ ಒತ್ತಿ. ಎದುರುಬದುರಿನ ಎರಡು ಅಂಚಿನಿಂದ ಗೆರೆಯ ಮೇಲೆ ನಾಲ್ಕು ಕಚ್ಚು ಹಾಕಿ, ಮೂಲೆ ಮಡಿಸಿ ಅಂಟಿಸಿದರೆ 7 ಸೆಂ.ಮೀ. ಚೌಕದ ಡಬ್ಬಿ. ಮುಚ್ಚಳಕ್ಕೆ 12.3 ಸೆಂ.ಮೀ. ಚೌಕ, ಗೆರೆ 2.5 ಒಳಗೆ. ಮುಚ್ಚಳ ತಳಕ್ಕಿಂತ 3 ಮಿ.ಮೀ. ದೊಡ್ಡದಾಗುತ್ತದೆ, ಸಲೀಸಾಗಿ ಕೂರುತ್ತದೆ. ಸ್ಟೇಪ್ಲರ್ ಪಿನ್ ಹೊಡೆಯಬೇಡಿ, ಸಿಹಿಯೊಳಗೆ ಬಿದ್ದರೆ ಗತಿ?

ಎರಡು ತುಂಡು ಮೈಸೂರು ಪಾಕ್ ಹಿಡಿಯುತ್ತದೆ. ಒಳಗೆ 20 ಸೆಂ.ಮೀ. ಚೌಕದ ಬಟರ್ ಪೇಪರ್ ಹಾಸಿ, ಸಿಹಿ ಇಟ್ಟು ಮೇಲೆ ಮಡಿಸಿ. ಇಲ್ಲದಿದ್ದರೆ ತುಪ್ಪ ಇಳಿದು ಡಬ್ಬಿಯ ತಳ ಕನ್ನಡಿಯಂತೆ ಆಗುತ್ತದೆ, ಪಕ್ಕದಲ್ಲಿಟ್ಟ ರೇಷ್ಮೆ ಸೀರೆಗೂ ಹತ್ತುತ್ತದೆ. ಪಾಕ್ ಪೂರ್ತಿ ಆರಿದ ಮೇಲೇ ಮುಚ್ಚಳ ಹಾಕಿ. ಚಿರೋಟಿ ಇದರಲ್ಲಿ ಬೇಡ, ಮನೆ ಸೇರುವ ಹೊತ್ತಿಗೆ ಪುಡಿ.

ಹಂತ 8: ಅಲಂಕಾರ

ಇಲ್ಲಿ ದುಡ್ಡು ಸುರಿಯುವವರೇ ಜಾಸ್ತಿ: ಲೇಸು, ಮಣಿ, ಮಿನುಗು. ನನ್ನ ಕೇಳಿದರೆ ಕಂದು ಕಾಗದದ ಮೇಲೆ ಒಂದು ಬೆಂಡೆಕಾಯಿ ಸಾಕು. ಬಲಿತ ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿ, ಮುಖ ಒರೆಸಿ, ಪೋಸ್ಟರ್ ಬಣ್ಣಕ್ಕೆ ಅದ್ದಿ ಒತ್ತಿ. ಹೂವಿನಂತೆ ಬರುತ್ತದೆ. ಇಪ್ಪತ್ತು ಒತ್ತಿದ ಮೇಲೆ ಅಂಚು ಮೆತ್ತಗಾಗುತ್ತದೆ, ತೆಳ್ಳಗೆ ಒಂದು ಬಿಲ್ಲೆ ಕತ್ತರಿಸಿ ತೆಗೆದರೆ ಮತ್ತೆ ಹೊಸದು. ಪತ್ರಿಕೆಗೆ ಅರಿಶಿನ ಹಚ್ಚುವ ಹಾಗೆ ಚೀಲದ ಮೂಲೆಗೂ ಹಚ್ಚೋಣ ಅಂತ ಹಿರಿಯರು ಹೇಳಬಹುದು. ಒಣಗಿದ ಅರಿಶಿನ ಬಿಳಿ ಪಂಚೆಗೆ ಹತ್ತಿದರೆ ಹೋಗುವುದಿಲ್ಲ. ಶಾಸ್ತ್ರಕ್ಕೆ ಮೊದಲ ಚೀಲಕ್ಕೆ ಹಚ್ಚಿ ದೇವರ ಮುಂದಿಡಿ, ಉಳಿದವಕ್ಕೆ ಬೇಡ. ಬಣ್ಣದ ಕ್ರೇಪ್ ಪೇಪರ್ ಕೂಡ ಒದ್ದೆಯಾದರೆ ಬಣ್ಣ ಬಿಡುತ್ತದೆ.

ಡಬ್ಬಿ ಕಟ್ಟಲು ಬಾಳೆನಾರು ಬಳಸಿ. ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವವರ ಕೈಯಲ್ಲಿ ನೋಡಿರುತ್ತೀರಿ. ಒಣಗಿದ ಬಾಳೆ ಪಟ್ಟೆಯನ್ನು ಹದಿನೈದು ನಿಮಿಷ ನೀರಲ್ಲಿ ನೆನೆಸಿ, ಪಿನ್ನಿನ ಮೊನೆಯಿಂದ ಉದ್ದಕ್ಕೆ ಸೀಳಿ. ನೀರು ಒರೆಸಿ, ಹಸಿ ಆರುವ ಮೊದಲೇ ಕಟ್ಟಿ. ಒಣ ನಾರು ಗಂಟು ಹಾಕುವಾಗ ಪಟ್ಟನೆ ಮುರಿಯುತ್ತದೆ. ಆದರೆ ವಾರದ ಮುಂಚೆ ಕಟ್ಟಿ ಒತ್ತೊತ್ತಾಗಿ ಪೇರಿಸಿಟ್ಟರೆ ಬೂಸ್ಟು ಬರುತ್ತದೆ. ಮದುವೆಯ ಹಿಂದಿನ ದಿನದ ಕೆಲಸ ಇದು.

ಚೀಲದ ಮೇಲೆ ವಧೂವರರ ಹೆಸರು ಹಾಕುವವರು ಬೀಗರನ್ನು ಒಂದು ಮಾತು ಕೇಳಿಬಿಡಿ, ಯಾರ ಹೆಸರು ಮೊದಲು ಅಂತ. ಇನ್ನೂರು ಚೀಲ ಒತ್ತಿದ ಮೇಲೆ ಈ ಚರ್ಚೆ ಬೇಡ.

ಹಂತ 9: ಕೆಲಸ ಹಂಚಿಕೊಳ್ಳುವುದು, ಎತ್ತಿಡುವುದು

ಕೈ ಪಳಗಿದ ಮೇಲೆ ಒಬ್ಬರು ಗಂಟೆಗೆ ಹತ್ತು-ಹನ್ನೆರಡು ಕಾಗದದ ಚೀಲ ಮಾಡಬಹುದು. 300ಕ್ಕೆ 25 ರಿಂದ 30 ಗಂಟೆ. ಒಬ್ಬರೇ ಹಿಡಿದರೆ ಸಾಕುಬೇಕಾಗುತ್ತದೆ. ನಾಲ್ಕು ಜನ ಕೂತರೆ ಎರಡು ಭಾನುವಾರ, ಅದೂ ಕಾಫಿ, ಹರಟೆ ಸೇರಿ. ಒಬ್ಬರು ಗೆರೆ ಒತ್ತಲಿ, ಒಬ್ಬರು ಬಾಯಿ ಮಡಿಸಲಿ, ಒಬ್ಬರು ತಳ, ಒಬ್ಬರು ದಾರ. ಎಲ್ಲರೂ ಎಲ್ಲವನ್ನೂ ಮಾಡಿದರೆ ಒಂದೊಂದು ಚೀಲ ಒಂದೊಂದು ಆಕಾರ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಕೈ ಖಾಲಿ ಇರುತ್ತದೆ ಅಂತ ಆಗ ಮಾಡಿಡುವವರು ಒಂದು ನೆನಪಿಡಿ: ಮಳೆಗಾಲದಲ್ಲಿ ಅಂಟು ಒಣಗಲು ಎರಡರಷ್ಟು ಹೊತ್ತು ಬೇಕು. ಒಣಗುವ ಮೊದಲು ಒಂದರ ಮೇಲೊಂದು ಇಟ್ಟರೆ ಎಲ್ಲವೂ ಸೇರಿ ಒಂದೇ ಚೀಲ.

ಪೂರ್ತಿ ಒಣಗಿದ ಮೇಲೆ ಒಂದರೊಳಗೊಂದು ತೂರಿಸಿ 25ರ ಕಟ್ಟು ಮಾಡಿ, ನೆಲಕ್ಕೆ ತಾಗದಂತೆ ಎತ್ತಿಡಿ. ಕಟ್ಟಿನ ಮೇಲೆ ಸಂಖ್ಯೆ ಬರೆಯಿರಿ.

ಹಂತ 10: ತುಂಬುವ ದಿನ

ತೆಂಗಿನಕಾಯಿ ಎರಡು ದಿನ ಮುಂಚೆಯೇ ತರಿಸಿ ನೆರಳಲ್ಲಿ ಹರಡಿ. ಒದ್ದೆ ಕಾಯಿ ಇಟ್ಟರೆ 120 ಜಿಎಸ್‌ಎಂ ಅಲ್ಲ, ಎಷ್ಟು ದಪ್ಪದ ಕಾಗದವಾದರೂ ಹರಿಯುತ್ತದೆ. ಜುಟ್ಟು ಪೂರ್ತಿ ಕಿತ್ತುಹಾಕಬೇಡಿ, ಕಣ್ಣು ಮುಚ್ಚಿದ್ದರೆ ಕಾಯಿ ಹೆಚ್ಚು ದಿನ ಕೆಡುವುದಿಲ್ಲ. ವೀಳ್ಯದೆಲೆ ತೊಳೆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ತುಂಬುವ ಹೊತ್ತಿನವರೆಗೂ ತೆಳು ಒದ್ದೆ ಬಟ್ಟೆಯಲ್ಲಿ ಬೇರೆ ಸುತ್ತಿಡಿ. ಕಾಯಿ ಮೊದಲು, ಅಡ್ಡ ಮಲಗಿಸಿ. ಅದರ ಪಕ್ಕದಲ್ಲಿ ಅಡಿಕೆ ಪೊಟ್ಟಣ, ಮೇಲೆ ಬಾಳೆಹಣ್ಣು, ಎಲ್ಲಕ್ಕಿಂತ ಮೇಲೆ ಎಲೆ. ಹಣ್ಣು ಪೂರ್ತಿ ಮಾಗಿದ್ದಾದರೆ ಛತ್ರದಲ್ಲೇ ಕೊನೆ ಘಳಿಗೆಯಲ್ಲಿ ಇಡಿ, ರಾತ್ರಿಯೇ ಇಟ್ಟರೆ ಕಾಯಿಯ ಭಾರಕ್ಕೆ ಜಜ್ಜಿ ರಸ ಬಿಡುತ್ತದೆ.

ತುಂಬಿದ ಚೀಲಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಛತ್ರದಲ್ಲಿ ಕೈತೊಳೆಯುವ ಜಾಗದಿಂದ ದೂರ, ಜಮಖಾನದ ಮೇಲೆ ಸಾಲಾಗಿ ನಿಲ್ಲಿಸಿ. ಹತ್ತು ಖಾಲಿ ಚೀಲ, ಒಂದು ಉಂಡೆ ದಾರ ಕೈಗೆ ಸಿಗುವ ಹಾಗೆ ಇರಲಿ, ಯಾರದ್ದಾದರೂ ಹಿಡಿಕೆ ಬಿಚ್ಚಿದರೆ ಅಲ್ಲೇ ಬದಲಿಸಿ ಕೊಡಬಹುದು. ಕೊನೆಗೆ ಉಳಿದ ಡಬ್ಬಿಗಳನ್ನು ಎಸೆಯಬೇಡಿ. ದಸರೆಗೆ ಗೊಂಬೆ ಕೂರಿಸುವ ಮನೆಯವರಾದರೆ ಮಕ್ಕಳಿಗೆ ಗೊಂಬೆ ಬಾಗಿನ ಹಾಕಿ ಕೊಡಲು ಅದೇ ಅಳತೆ ಸರಿಹೋಗುತ್ತದೆ.